ಕೋಟಿನ ಗುಂಡಿ ಒತ್ತಿದ ಚಿಪಾ

ಇತಾ ಮೊರೊತಿ, ಪರಾಗ್ವಾರಿ ಹತ್ತಿರ
ಪವಿತ್ರ ಶನಿವಾರ, ಏಪ್ರಿಲ್ ಎರಡು, 1994

ಪ್ರೀತಿಯ ವೆನ್ಸೆ,

ಹೇಗಿದ್ದೀಯ? ಕೆಮ್ಮು ನಿಂತಿತೇ? ನಿಂತಿಲ್ಲ ಎಂದು ನನಗೆ ಗೊತ್ತು, ಆದರೂ ಕೇಳುತ್ತಿದ್ದೇನೆ. ಬ್ಯೂನಸ್ ಐರಿಸ್‌ನಲ್ಲಿ ಆಗಲೇ ಚಳಿ ಶುರುವಾಗಿದೆಯಂತೆ. ಉಣ್ಣೆಯ ಬನಿಯನ್ ಒಳಗೆ ಹಾಕಿಕೊ, ಅಂಗಿಯ ಮೇಲಲ್ಲ. ಸಿಮೆಂಟಿನ ಧೂಳು ಗಂಟಲಿಗೆ ಹೋಗದ ಹಾಗೆ ಬಾಯಿಗೆ ಬಟ್ಟೆ ಕಟ್ಟಿಕೊ. ಈಗ ಒಂಬತ್ತನೆಯ ಮಹಡಿಯಲ್ಲಿ ಗೋಡೆ ಕಟ್ಟುತ್ತಿದ್ದೀರಿ ಎಂದು ಹಬ್ಬಕ್ಕೆ ಊರಿಗೆ ಬಂದ ಕ್ರೆಸೆನ್ಸಿಯೊ ಹೇಳಿದ. ನಿನ್ನ ಜೊತೆ ಅದೇ ಹಲಗೆಯ ಮೇಲೆ ನಿಲ್ಲುವವನು ನಗುತ್ತಾ ಹೇಳಿದ, ನಾನು ಇಲ್ಲಿ ಶಿಲುಬೆಯ ಗುರುತು ಹಾಕಿಕೊಂಡೆ. ಅಷ್ಟು ಎತ್ತರದಲ್ಲಿ ಜನ ಯಾಕೆ ಮಲಗಬೇಕೋ ನನಗಂತೂ ತಿಳಿಯದು. ಏಣಿಯ ಹಗ್ಗವನ್ನು ಬೇರೆ ಯಾರಾದರೂ ಕಟ್ಟಿದ್ದರೆ ಬಿಚ್ಚಿ ನೀನೇ ಇನ್ನೊಮ್ಮೆ ಕಟ್ಟು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳ ಬರಹ ಇದು. ಸಾಲು ಕೆಳಗೆ ಜಾರಿದ್ದರೆ ನನ್ನ ತಲೆಯೂ ಹಾಗೇ ಜಾರಿದೆ ಎಂದು ತಿಳಿದುಕೊ, ನಗಬೇಡ, ಪಕ್ಕದವರಿಗೆ ತೋರಿಸಲೂಬೇಡ.

ನಾವು ಇಲ್ಲಿ ಚೆನ್ನಾಗಿದ್ದೇವೆ. ನಿನ್ನ ಅಮ್ಮನ ಮಂಡಿ ಮೋಡ ಕಂಡರೆ ನೋಯುತ್ತದೆ, ಮೋಡ ಇಲ್ಲದಿದ್ದರೆ ಇನ್ನೂ ಹೆಚ್ಚು ನೋಯುತ್ತದೆ. ಕಪ್ಪು ಹಸು ಕರು ಹಾಕಿತು, ಹೆಣ್ಣು. ಹಾಲು ಧಾರಾಳವಾಗಿತ್ತು, ಆದ್ದರಿಂದ ಈ ಸಲ ಪವಿತ್ರ ವಾರಕ್ಕೆ ಚೀಸ್ ಕೊಳ್ಳಲಿಲ್ಲ, ನಾನೇ ಮಾಡಿದೆ. ಮರಗೆಣಸು ಕೊಳೆಯುತ್ತದೆಯೋ ಎಂದು ಜನವರಿಯ ಮಳೆಯುದ್ದಕ್ಕೂ ಹೆದರಿದ್ದೆ, ಕೊಳೆಯಲಿಲ್ಲ. ಈಗ ಮುಂದಿನ ವರ್ಷ ಕೊಳೆಯುತ್ತದೆಯೋ ಎಂದು ಹೆದರುತ್ತಿದ್ದೇನೆ. ನೀನು ಹೋಗಿ ಒಂದು ವರ್ಷ ಎರಡೂವರೆ ತಿಂಗಳಾಯಿತು. ಡಿಸೆಂಬರಿನಲ್ಲಿ ಬರುತ್ತೇನೆ ಎಂದವನು ಬರಲಿಲ್ಲ. ಕೆಲಸ ಬಿಡಲಾಗಲಿಲ್ಲ ಎಂದು ಬರೆದಿದ್ದೆ. ನಂಬಿದ್ದೇನೆ. ಪೂರ್ತಿ ನಂಬಿರಲಿಲ್ಲ, ಈಗ ನಂಬಿದ್ದೇನೆ. ಯಾಕೆ ಎಂದು ಹೇಳುತ್ತೇನೆ, ಕೂತು ಓದು.

ಕಳೆದ ವರ್ಷ ಈಸ್ಟರ್‌ಗೆ ಕ್ರೆಸೆನ್ಸಿಯೊನ ಕೈಯಲ್ಲಿ ನಿನಗೆ ಎರಡು ಗಂಟು ಚಿಪಾ ರೊಟ್ಟಿ ಬಂದವಲ್ಲ. ಒಂದು ನನ್ನದು, ನೀಲಿ ಚೌಕಳಿ ಬಟ್ಟೆಯಲ್ಲಿ. ಇನ್ನೊಂದು ಬೇಲಿಯಾಚೆಯ ಸುನಿಲ್ದಾಳದು, ಹೂವಿನ ಕಸೂತಿ ಹಾಕಿದ ಬಿಳಿ ಬಟ್ಟೆಯಲ್ಲಿ. ಜೂನ್ ತಿಂಗಳು ಸಾನ್ ಹ್ವಾನ್ ಹಬ್ಬಕ್ಕೆ ಕ್ರೆಸೆನ್ಸಿಯೊ ಬಂದಾಗ ನಮ್ಮ ಅಂಗಳದಲ್ಲೇ ಕೂತು, ನನ್ನದೇ ಕೈಯಿಂದ ತಣ್ಣನೆಯ ತೆರೆರೆ ಕುಡಿಯುತ್ತಾ ನಿನ್ನ ಮಾತು ಒಪ್ಪಿಸಿದ. "ನಿನ್ನ ಚಿಪಾ ಸ್ವಲ್ಪ ಗಟ್ಟಿಯಾಗಿತ್ತಂತೆ ಕಣೇ ಒಬ್ದುಲಿಯಾ, ಆದ್ರೂ ಹೊಟ್ಟೆ ತುಂಬ್ತಂತೆ. ಸುನಿಲ್ದಾಂದು ಮಾತ್ರ, ಅಮ್ಮನೇ ಮಾಡಿ ಕಳಿಸಿದಂಗೆ ಇತ್ತು ಅಂದ, ಕಣ್ಣಲ್ಲಿ ನೀರು ಬಂತು ಅವನಿಗೆ. ಹಾಂ, ಇನ್ನೊಂದು. ಅವಳು ಕೇಳಿದ್ದು ಮರೆತಿಲ್ಲ ಅಂತ ಸುನಿಲ್ದಾಗೆ ಹೇಳು ಅಂದ." ಹೀಗೆ ಹೇಳಿ ಆ ಮನುಷ್ಯ ಇನ್ನೊಂದು ಲೋಟ ಕೇಳಿದ. ನಾನು ಕೊಟ್ಟೆ. ಹೇಗೆ ಕೊಟ್ಟೆನೋ ದೇವರಿಗೇ ಗೊತ್ತು.

ವೆನ್ಸೆ, ಅವತ್ತಿನಿಂದ ನನಗೆ ಅನ್ನ ಸೇರಲಿಲ್ಲ. ಅವಳು ಏನು ಕೇಳಿದ್ದಳು? ಯಾವಾಗ ಕೇಳಿದ್ದಳು? ನಮ್ಮ ಮದುವೆಗೆ ಮುಂಚೆ ಎರಡು ಸಾನ್ ಹ್ವಾನ್ ಹಬ್ಬಗಳಲ್ಲಿ ನೀನು ಕುಣಿದದ್ದು ಅವಳ ಜೊತೆ, ನನ್ನ ಜೊತೆಯಲ್ಲ. ಇಪ್ಪತ್ತೆರಡು ವರ್ಷ ನಾನು ಅದನ್ನು ಬಾಯಿಬಿಟ್ಟು ಆಡಿರಲಿಲ್ಲ, ಆದರೆ ಮರೆತೂ ಇರಲಿಲ್ಲ. ಈಗ ಅವಳು ವಿಧವೆ, ಆರು ವರ್ಷದಿಂದ ಒಂಟಿ, ಸೊಂಟ ಇನ್ನೂ ನೆಟ್ಟಗಿದೆ. ನನ್ನದು ಹೇಗಿದೆ ಎಂದು ನಿನಗೇ ಗೊತ್ತು. ಅವಳ ಬಟ್ಟೆ ಒಣಗುವ ಹಗ್ಗವನ್ನು ನಾನು ದಿನಾ ನೋಡುತ್ತಿದ್ದೆ, ಹೊಸ ಲಂಗ ಏನಾದರೂ ಇದೆಯೇ ಎಂದು. ಪೂಜೆಯಲ್ಲಿ ಅವಳ ಹಿಂದಿನ ಬೆಂಚಿನಲ್ಲೇ ಕೂತು, ಅವಳು ಯಾರಿಗಾಗಿ ಬೇಡಿಕೊಳ್ಳುತ್ತಾಳೆ ಎಂದು ತುಟಿ ನೋಡುತ್ತಿದ್ದೆ. ಹಿಂದಿನಿಂದ ತುಟಿ ಕಾಣುವುದಿಲ್ಲ ಎಂದು ಹೊಳೆಯುವುದಕ್ಕೆ ನನಗೆ ಎರಡು ಭಾನುವಾರ ಬೇಕಾದವು. ಅವಳ ಕೆಂಪು ಹುಂಜ ನಮ್ಮ ಅಂಗಳಕ್ಕೆ ಬಂದರೆ ಪೊರಕೆ ಎಸೆಯುತ್ತಿದ್ದೆ. ಪಾಪ ಹುಂಜ. ನಿನ್ನ ಮಾತನ್ನು ನಾನು ಅವಳಿಗೆ ತಲುಪಿಸಲೂ ಇಲ್ಲ. ಕ್ರೆಸೆನ್ಸಿಯೊನೇ ಹೋಗಿ ಹೇಳಿದನಂತೆ. ಅವಳ ಮುಖ ಅರಳಿತಂತೆ. ಅದನ್ನೂ ಅವನೇ ಬಂದು ನನಗೆ ಹೇಳಿದ, ಅವನ ನಾಲಿಗೆಗೆ ಮೂಳೆಯೇ ಇಲ್ಲ.

ಈ ಸಲ ಪವಿತ್ರ ವಾರ ಬಂದಾಗ ನಾನು ಒಂದು ನಿಶ್ಚಯ ಮಾಡಿದೆ. ಯಾರ ಚಿಪಾ ಯಾರದು ಎಂದು ಈ ವರ್ಷ ಸಂಶಯವೇ ಇರಬಾರದು. ನಿನ್ನ ಮದುವೆಯ ಕೋಟನ್ನು ಪೆಟ್ಟಿಗೆಯಿಂದ ತೆಗೆದು ಮೇಲಿನ ಗುಂಡಿ ಕತ್ತರಿಸಿದೆ. ಬೈಯಬೇಡ, ಹೇಗೂ ಆ ಗುಂಡಿ ಈಗ ನಿನಗೆ ಹಾಕಲು ಬರುವುದಿಲ್ಲ. ನಾಲ್ಕು ತೂತಿನ ದೊಡ್ಡ ಗುಂಡಿ. ಬುಧವಾರ ಬೆಳಿಗ್ಗೆ ಮರಗೆಣಸಿನ ಹಿಟ್ಟು, ಮೆಕ್ಕೆಜೋಳದ ಹಿಟ್ಟು, ಮೊಟ್ಟೆ, ಹಂದಿಕೊಬ್ಬು, ನನ್ನದೇ ಚೀಸ್, ಉಪ್ಪು, ಸೋಂಪು ಎಲ್ಲ ಸೇರಿಸಿ ನಾದಿದೆ. ತೋಳು ಬಿದ್ದುಹೋಗುವಷ್ಟು ನಾದಿದೆ, ಗಟ್ಟಿ ಎಂದ ಮಾತು ಕಿವಿಯಲ್ಲಿತ್ತಲ್ಲ. ಬಳೆಯಂತೆ ಸುತ್ತಿದ ಪ್ರತಿಯೊಂದನ್ನೂ ಬಾಳೆ ಎಲೆಗೆ ಇಡುವ ಮುಂಚೆ ಅಡಿಯಲ್ಲಿ ಆ ಗುಂಡಿಯನ್ನು ಆಳವಾಗಿ ಒತ್ತಿದೆ. ಒಂದು ಸುತ್ತು, ನಡುವೆ ನಾಲ್ಕು ಚುಕ್ಕೆ. ಯಾರಿಗೂ ಹೇಳಲಿಲ್ಲ, ನಿನ್ನ ಅಮ್ಮನಿಗೂ. ನೀನು ಕಟ್ಟಿದ ಮಣ್ಣಿನ ಗೂಡೊಲೆ ಈಗಲೂ ಸುತ್ತಲೂ ಒಂದೇ ಸಮ ಕಾಯುತ್ತದೆ, ಒಂದು ಬಿರುಕಿಲ್ಲ. ಕೆಂಡ ಎಳೆದು, ಹಸಿ ಸೊಪ್ಪಿನ ಪೊರಕೆಯಿಂದ ಗುಡಿಸಿ, ಚಿಪಾ ಒಳಗಿಟ್ಟು ಒಲೆಯ ಬಾಯಿ ಮುಚ್ಚಿದೆ. ಅಷ್ಟರಲ್ಲಿ ಬೇಲಿಯಾಚೆ ಸುನಿಲ್ದಾಳ ಹಿತ್ತಲಿಂದಲೂ ಹೊಗೆ ಎದ್ದಿತು, ದಟ್ಟ ಬಿಳಿ ಹೊಗೆ. ನೋಡು, ಈ ಹೊಗೆಯೂ ನನ್ನ ಗಂಡನಿಗಾಗಿಯೇ ಏಳುತ್ತಿದೆ ಎಂದುಕೊಂಡೆ. ಅಷ್ಟು ಸಂಕಟ, ವೆನ್ಸೆ.

ಆಮೇಲೆ ಬುಟ್ಟಿ ಹಂಚುವ ಹೊತ್ತು. ಹನ್ನೊಂದು ಮನೆಗೆ ಕಳಿಸಿದೆ, ಸುನಿಲ್ದಾಳ ಮನೆಗೆ ಕಳಿಸಲಿಲ್ಲ. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಇದೇ ಮೊದಲು. ನಿನ್ನ ಅಮ್ಮ ಬುಟ್ಟಿಗಳನ್ನು ಎಣಿಸಿ, ಇನ್ನೊಮ್ಮೆ ಎಣಿಸಿ, "ಒಂದು ಮನೆ ಬಿಟ್ಟಿದ್ದೀಯ" ಅಂದರು. "ಬಿಟ್ಟಿಲ್ಲ, ಸಾಕಾಗಿದೆ" ಅಂದೆ. "ಯೇಸು ಸಾಯೋ ವಾರದಲ್ಲಿ ನೆರೆಮನೆ ದಾಟಿ ಬುಟ್ಟಿ ಹೋಗತ್ತೇನೇ? ನನ್ನ ಜೀವಮಾನದಲ್ಲಿ ನೋಡಿಲ್ಲ ಕಣಮ್ಮ ಇದನ್ನ." ನಾನು ಕೊಡ ಹಿಡಿದು ಬಾವಿಗೆ ಹೋದೆ. ಬಾವಿಗೆ ಹೋಗಬಾರದಿತ್ತು ಎಂದು ಈಗ ಅನ್ನಿಸುತ್ತದೆ. ಅಥವಾ ಹೋದದ್ದೇ ಒಳ್ಳೆಯದಾಯಿತೋ.

ಗುರುವಾರ ಮಧ್ಯಾಹ್ನ ದೊಡ್ಡ ಊಟ. ಕ್ರೆಸೆನ್ಸಿಯೊನೂ ಬಂದಿದ್ದ. ಮೆಕ್ಕೆಜೋಳದ ಸೋಪಾ, ಕೋಳಿ, ಬೇಯಿಸಿದ ಮರಗೆಣಸು ಎಲ್ಲ ಆದ ಮೇಲೆ ಸುನಿಲ್ದಾಳ ಬುಟ್ಟಿ ಬಂತು, ಅವಳೇ ಬೇಲಿಯ ಮೇಲಿಂದ ಕೊಟ್ಟು ಹೋದಳು. ಅದೇ ಕಸೂತಿಯ ಬಿಳಿ ಬಟ್ಟೆ. ನಾನು ಕಳಿಸಿರಲಿಲ್ಲ, ಅವಳು ಕಳಿಸಿದ್ದಳು, ಅದೂ ಚುಚ್ಚಿತು. ಒಂದನ್ನು ಎತ್ತಿ ಮುರಿದು ಬಾಯಿಗೆ ಹಾಕಿಕೊಂಡೆ, ಆಮೇಲೆ ನನ್ನ ಬಾಯಿ ನಿಲ್ಲಲಿಲ್ಲ. "ಚೀಸ್ ಎಲ್ಲಿದೆ ಇದ್ರಲ್ಲಿ? ತೋರ್ಸಿ ನಂಗೆ! ಸೋಂಪು ನೋಡಿ, ಹಾಲಿಗೆ ಬಿದ್ದ ಇರುವೆ ಥರ. ಅಡಿ ಸೀದಿದೆ. ಕೊಬ್ಬು ಹಳೇದು. ಕೈಗೆ ಕಸುವಿಲ್ಲ ಅವಳಿಗೆ, ನಾದೇ ಇಲ್ಲ. ಇದನ್ನ ತಿಂದು ಕಣ್ಣೀರು ಹಾಕಿದ್ನಂತೆ ನನ್ನ ಗಂಡ! ಹಲ್ಲು ನೋವಿಗೆ ಹಾಕಿರ್ತಾನೆ!" ಕ್ರೆಸೆನ್ಸಿಯೊ ಎರಡನೆಯದನ್ನು ಅಗಿಯುತ್ತಾ, "ಚೆನ್ನಾಗೇ ಇದೆಯಲ್ಲೇ" ಅಂದ. "ನಿಂಗೆ ಬೂಟು ಬೇಯಿಸಿ ಹಾಕಿದ್ರೂ ಚೆನ್ನಾಗಿರತ್ತೆ" ಅಂದೆ. ನಿನ್ನ ಅಮ್ಮ ಮಾತ್ರ ನೆಲ ನೋಡುತ್ತಾ ಸುಮ್ಮನೆ ಕೂತಿದ್ದರು. ಸುಮ್ಮನೆ ಕೂರುವ ಜೀವವೇ ಅದು? ನನಗೆ ಅಲ್ಲೇ ತಿಳಿಯಬೇಕಿತ್ತು. ಸೀದ ಅಡಿಯನ್ನು ಎಲ್ಲರಿಗೂ ತೋರಿಸೋಣ ಎಂದು ಇನ್ನೊಂದನ್ನು ಎತ್ತಿ ತಿರುಗಿಸಿದೆ.

ಒಂದು ಸುತ್ತು. ನಡುವೆ ನಾಲ್ಕು ಚುಕ್ಕೆ.

ಬುಟ್ಟಿಯಲ್ಲಿದ್ದ ಎಲ್ಲವನ್ನೂ ತಿರುಗಿಸಿದೆ. ಎಂಟಕ್ಕೆ ಎಂಟೂ ನಿನ್ನ ಕೋಟಿನ ಗುಂಡಿಯವು. ಗುಂಡಿಯ ವಿಷಯ ಹೇಳಬೇಕಾಯಿತು. ಹೇಳಿದೆ. ಕ್ರೆಸೆನ್ಸಿಯೊ ಕುರ್ಚಿಯಿಂದ ಬೀಳುವಷ್ಟು ನಕ್ಕ. "ಅಬ್ಬಾ ಒಬ್ದುಲಿಯಾ! ಇಡೀ ಊರಲ್ಲಿ ನಿನ್ನ ಚಿಪಾನ ಹಿಂಗೆ ಬೈಯೋ ಧೈರ್ಯ ಯಾರಿಗೂ ಇರ್ಲಿಲ್ಲ ಕಣೇ. ಕೊನೆಗೂ ಒಬ್ಬಳು ಸಿಕ್ಕಳು!" ನಿನ್ನ ಅಮ್ಮ ಶಾಲಿನ ತುದಿಯಿಂದ ಮೂಗು ಒರೆಸಿಕೊಂಡು ನಿಜ ಬಿಟ್ಟರು. ನಾನು ಬಾವಿಗೆ ಹೋದಾಗ ಹನ್ನೆರಡು ಚಿಪಾ ಶಾಲಿನೊಳಗೆ ಇಟ್ಟುಕೊಂಡು ಸುನಿಲ್ದಾಳ ಮನೆಗೆ ಹೋಗಿದ್ದಾರೆ. "ನನ್ನ ಸೊಸೆ ಕೊಡ್ಲಿಲ್ಲ ಅಂತ ಹೆಂಗೆ ಹೇಳ್ಲಿ? ನಾಚ್ಕೆ ಆಯ್ತು. ನನ್ನ ತಂಗಿ ಮನೇದು, ಪಿರಿಬೆಬುಯ್‌ನಿಂದ ಬಂದಿದ್ದು ಅಂತ ಹೇಳ್ಬಿಟ್ಟೆ." ಅಷ್ಟು ಹೇಳಿ, "ಅವಳು ಅದನ್ನೇ ಯಾಕೆ ವಾಪಸ್ ಕಳಿಸಿದ್ಲೋ ನಂಗೊತ್ತಿಲ್ಲಪ್ಪ, ನನ್ನ ಕೇಳ್ಬೇಡ" ಅಂದರು.

ಯಾಕೆ ಕಳಿಸಿದಳು ಎಂಬುದನ್ನೇ ನಾನು ಯೋಚಿಸುತ್ತಾ ಕೂತೆ. ಹೊಗೆ ಎದ್ದದ್ದನ್ನು ನನ್ನ ಕಣ್ಣಾರೆ ನೋಡಿದ್ದೆ. ಸುಟ್ಟವಳು ತನ್ನದನ್ನು ಬಿಟ್ಟು ಇನ್ನೊಬ್ಬರದನ್ನು ಯಾಕೆ ಕಳಿಸುತ್ತಾಳೆ? ತನ್ನದನ್ನೆಲ್ಲ ನಿನಗೇ ಎಂದು ಎತ್ತಿಟ್ಟುಕೊಂಡಳೇ? ಮನಸ್ಸು ಅಲ್ಲಿಗೂ ಹೋಯಿತು, ಮುಚ್ಚಿಡುವುದಿಲ್ಲ.

ನಿನ್ನೆ ಶುಭ ಶುಕ್ರವಾರ. ಬೆಂಕಿ ಹಚ್ಚುವಂತಿಲ್ಲ, ಪೊರಕೆ ಮುಟ್ಟುವಂತಿಲ್ಲ, ಊರೆಲ್ಲ ತಣ್ಣಗೆ ಚಿಪಾ ತಿಂದು ಸುಮ್ಮನಿತ್ತು. ಬೆಳಿಗ್ಗೆ ಎದ್ದವಳೇ ಬೇಲಿಯ ಸಂದಿಯಲ್ಲಿ ನುಗ್ಗಿ ಅವಳ ಹಿತ್ತಲಿಗೆ ಹೋದೆ. ಒಂದೂವರೆ ವರ್ಷದಿಂದ ಕಾಲಿಟ್ಟಿರಲಿಲ್ಲ, ಕೊಡುವುದು ತೆಗೆದುಕೊಳ್ಳುವುದು ಎಲ್ಲ ಬೇಲಿಯ ಮೇಲಿಂದಲೇ. ವೆನ್ಸೆ, ಅಲ್ಲಿ ಒಲೆಯೇ ಇಲ್ಲ. ಅವಳ ಅಮ್ಮನ ಕಾಲದ ದೊಡ್ಡ ಗೂಡೊಲೆ ನೆನಪಿದೆಯಲ್ಲ, ಅದರ ತಲೆ ಕುಸಿದು ಹೊಟ್ಟೆಯೊಳಗೆ ಬಿದ್ದಿದೆ. ಹಿಂಬದಿಯಲ್ಲಿ ಹುಲ್ಲು ಬೆಳೆದಿದೆ, ಒಳಗೆ ಕೋಳಿ ಕಾವು ಕೂತಿದೆ. ಬಾಯಿಯ ಹತ್ತಿರ ಮಾತ್ರ ಒಂದು ಹಿಡಿ ಹೊಸ ಬೂದಿ ಮತ್ತು ಅರ್ಧ ಸುಟ್ಟ ಹಸಿ ಪೇರಳೆ ಸೊಪ್ಪು. ಅವಳು ಮರದ ಕೊರಡಿನ ಮೇಲೆ ಕೂತಿದ್ದವಳು ನನ್ನನ್ನು ನೋಡಿ ಎದ್ದಳು, ಆಮೇಲೆ ಮತ್ತೆ ಕೂತಳು. "ಹಸಿ ಸೊಪ್ಪು ಹಾಕಿದ್ರೆ ಹೊಗೆ ಚೆನ್ನಾಗಿ ಬರತ್ತೆ" ಅಂದಳು, "ಹೊಗೆ ಬಂದ್ರೆ ಸಾಕು, ಯಾರೂ ಒಳಗೆ ಬಗ್ಗಿ ನೋಡಲ್ಲ."

ನೀನು ಹೋಗುವ ಮುಂಚಿನ ಡಿಸೆಂಬರಿನ ಬಿರುಗಾಳಿಗೆ ಬಿತ್ತಂತೆ. ಅವಳು ನಿನ್ನನ್ನು ಕೇಳಿದ್ದು ಅದನ್ನೇ. ಕಟ್ಟಿಕೊಡು ಎಂದು. ಮುಂದಿನ ಸಲ ಬಂದಾಗ ಎಂದಿದ್ದೆಯಂತೆ. ಎರಡು ಪವಿತ್ರ ವಾರ ಅವಳು ಬಂದ ಬುಟ್ಟಿಗಳನ್ನು ತನ್ನ ಬಟ್ಟೆಗೆ ಬದಲಾಯಿಸಿ, ಈ ಮನೆಯದನ್ನು ಆ ಮನೆಗೆ, ಆ ಮನೆಯದನ್ನು ಈ ಮನೆಗೆ ಕಳಿಸಿದ್ದಾಳೆ. ಎಲ್ಲರೂ ಸುನಿಲ್ದಾಳ ಕೈರುಚಿ ಎಂದು ಹೊಗಳಿದ್ದಾರೆ. ನನಗೆ ನಗು ಬರಬೇಕಿತ್ತು, ಸಿಟ್ಟು ಬಂತು. "ನಂಗ್ಯಾಕೆ ಹೇಳ್ಲಿಲ್ಲ? ನನ್ನ ಒಲೆ ಇರ್ಲಿಲ್ವಾ?" ಅಂದೆ. ಅವಳು, "ನಿನ್ನ ಒಲೆ ಕೇಳಿದ್ರೆ ನೀನು ಕೊಡ್ತಿದ್ದೆ ಕಣೇ. ಕೊಟ್ಟು ನನ್ನ ತಲೆ ಮೇಲೆ ನಿಂತು ನೋಡ್ತಿದ್ದೆ. ನಮ್ಮಮ್ಮ ಈ ಒಲೆಯಿಂದ ಹನ್ನೆರಡು ಮನೆಗೆ ಕಳಿಸ್ತಿದ್ಲು, ನಾನು ಬರೀ ತಗೊಳ್ಳೋಳಾದೆ ಅಂತ ಊರಿಗೆ ಯಾಕೆ ಗೊತ್ತಾಗ್ಬೇಕು?" ಅಂದಳು. ಆಮೇಲೆ ಮೆಲ್ಲಗೆ, "ಇನ್ನು ನಿನ್ನ ಗಂಡನ್ನ ಒಂದು ವಾರ ನನ್ನ ಹಿತ್ತಲಿಗೆ ಕಳಿಸು ಅಂತ ನಿನ್ನ ಹತ್ರ ಕೇಳೋದಾ? ನನ್ನ ಹುಂಜನ್ನೇ ನೀನು ಬದುಕೋಕೆ ಬಿಡಲ್ಲ." ಆಗ ಇಬ್ಬರಿಗೂ ನಗು ಬಂತು. ಶುಭ ಶುಕ್ರವಾರ ನಗಬಾರದು, ಆದ್ದರಿಂದ ಇಬ್ಬರೂ ಬಾಯಿಗೆ ಶಾಲು ಹಿಡಿದು ನಕ್ಕೆವು. ನಿನ್ನ ಅಮ್ಮನ ಪಿರಿಬೆಬುಯ್ ತಂಗಿಯ ಕಥೆ ಹೇಳಿದಾಗ ಅವಳಿಗೆ ಬಿಕ್ಕಳಿಕೆಯೇ ಬಂತು.

ಆದರೆ ಬೇಲಿ ದಾಟಿ ಮನೆಗೆ ಬರುವಷ್ಟರಲ್ಲಿ ನನ್ನ ನಗು ನಿಂತಿತು. ಯಾಕೆ ಗೊತ್ತೇ? ನಾನು ಕೇಳಿದೆ, ಕಳೆದ ವರ್ಷ ವೆನ್ಸೆಗೆ ಕಳಿಸಿದ್ದು ಯಾರ ಮನೆಯದು ಎಂದು. "ನಿಂದೇ" ಅಂದಳು. "ಬಂದಿದ್ರಲ್ಲೆಲ್ಲ ಒಳ್ಳೇದು ನಿಂದೇ ಇತ್ತು, ಅವನಿಗೆ ಬೇರೇದು ಯಾಕೆ ಕಳಿಸ್ಲಿ? ಒಲೆ ವಿಷ್ಯ ನೆನಪಿರ್ಲಿ ಅಂತ ಕಳಿಸಿದ್ದು." ಕೇಳಿದೆಯಾ, ವೆನ್ಸೆ? ಒಂದೇ ದಿನದ ಹಿಟ್ಟು, ಒಂದೇ ಒಲೆ, ಒಂದೇ ಕೈ. ನೀಲಿ ಚೌಕಳಿ ಬಟ್ಟೆಯಲ್ಲಿದ್ದದ್ದು ಗಟ್ಟಿ. ಹೂವಿನ ಬಟ್ಟೆಯಲ್ಲಿದ್ದದ್ದು ಅಮ್ಮ ಮಾಡಿದ ಹಾಗೆ, ಕಣ್ಣೀರು ಬರುವ ಹಾಗೆ. ಅಮ್ಮ ಮಾಡಿದ ಹಾಗೆ ಇರದೆ ಇನ್ನೇನು? ನನಗೆ ಚಿಪಾ ನಾದುವುದನ್ನು ಕಲಿಸಿದವರು ನಿನ್ನ ಅಮ್ಮನೇ! ಇಪ್ಪತ್ತೆರಡು ವರ್ಷ ನನ್ನ ಕೈಯದನ್ನು ತಿಂದವನಿಗೆ ಬಟ್ಟೆ ಬದಲಾದ ಕೂಡಲೇ ಹೆಂಡತಿಯ ಕೈ ಗುರುತು ಸಿಗಲಿಲ್ಲ. ಸುನಿಲ್ದಾಳ ಮೇಲಿನ ಹೊಟ್ಟೆಕಿಚ್ಚು ಕಳೆಯಿತು ಎಂದುಕೊಂಡಿದ್ದೆ, ಈಗ ಒಂದು ತುಂಡು ಬಟ್ಟೆಯ ಮೇಲೆ ಹೊಟ್ಟೆಕಿಚ್ಚು. ನನಗೂ ನನ್ನದು ಗುರುತು ಸಿಗಲಿಲ್ಲ, ಒಪ್ಪುತ್ತೇನೆ. ಆದರೆ ನಾನು ಬೈದದ್ದು. ನೀನು ಅತ್ತದ್ದು. ಎರಡೂ ಒಂದೇ ಅಲ್ಲ.

ಇವತ್ತು ಬೆಳಿಗ್ಗೆ ಅವಳನ್ನು ನಾನೇ ಕರೆದೆ. ನಮ್ಮ ಒಲೆಯಲ್ಲಿ ಇಬ್ಬರೂ ಸುಟ್ಟೆವು. ನಾನು ಅವಳ ತಲೆ ಮೇಲೆ ನಿಂತು ನೋಡಲಿಲ್ಲ, ಪಕ್ಕದಲ್ಲಿ ನಿಂತು ನೋಡಿದೆ. ಸೋಂಪನ್ನು ಅಂಗೈಯಲ್ಲಿ ಉಜ್ಜಿ ಹಾಕುತ್ತಾಳೆ, ಅದು ನನಗೆ ಹೊಳೆದಿರಲಿಲ್ಲ. ಹಿಟ್ಟು ಅವಳ ಕೈಗೆ ಅಂಟುವುದೇ ಇಲ್ಲ. ನನಗೆ ಮೊಣಕೈವರೆಗೆ ಅಂಟುತ್ತದೆ. ಅದೂ ಒಂದು ಹೊಟ್ಟೆಯುರಿ, ಇರಲಿ. ಅವಳು ಮೊದಲ ಬುಟ್ಟಿ ತುಂಬಿಸಿ ತಾನೇ ಮನೆ ಮನೆಗೆ ಹೊರಟಳು, ಬಿಸಿಯಾಗಿರುವಾಗಲೇ ಕೊಡಬೇಕು ಎಂದು ಓಡುತ್ತಾ ಹೋದಳು. ಎರಡು ವರ್ಷದ ಮೇಲೆ ಸ್ವಂತ ಕೈಯದು ಹಂಚುತ್ತಿದ್ದಳಲ್ಲ, ವಾಪಸ್ ಬಂದಾಗ ಅವಳ ಮುಖ ಬೇರೆಯೇ ಇತ್ತು. ನಾನೂ ನೋಡಿ ಸಂತೋಷಪಟ್ಟೆ. ಸ್ವಲ್ಪ.

ಈ ಕಾಗದದ ಜೊತೆ ಒಂದೇ ಗಂಟು ಬರುತ್ತದೆ, ಹಿಟ್ಟಿನ ಚೀಲದ ಬಟ್ಟೆಯಲ್ಲಿ. ನೀಲಿಯೂ ಅಲ್ಲ, ಹೂವೂ ಅಲ್ಲ. ಅವಳವೂ ನನ್ನವೂ ಬೆರೆತಿವೆ, ನನ್ನವಕ್ಕೆ ಮಾತ್ರ ಗುಂಡಿ ಒತ್ತಿದ್ದೇನೆ. ಮೊದಲು ತಿನ್ನು, ಆಮೇಲೆ ಅಡಿ ತಿರುಗಿಸಿ ನೋಡು. ಮೊದಲೇ ತಿರುಗಿಸಿದರೆ ಕ್ರೆಸೆನ್ಸಿಯೊ ನನಗೆ ಹೇಳುತ್ತಾನೆ, ಅವನ ಹತ್ತಿರ ಪ್ರಮಾಣ ಮಾಡಿಸಿದ್ದೇನೆ. ಜೊತೆಯವರಿಗೂ ಕೊಡು, ಒಬ್ಬನೇ ಕೂತು ತಿನ್ನಬೇಡ. ಆದರೆ ಗುಂಡಿ ಇರುವವುಗಳನ್ನು ಎಲ್ಲ ಹಂಚಿಬಿಡಬೇಡ.

ನಿನ್ನ ಅಮ್ಮ ನಿನ್ನ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಹೇಳಿದ್ದಾರೆ. ಸುಳ್ಳು ಹೇಳಿದ್ದಕ್ಕೆ ಪಾದ್ರಿಗಳ ಹತ್ತಿರ ಹೋಗಬೇಕೇ ಬೇಡವೇ ಎಂದು ಬೆಳಿಗ್ಗೆಯಿಂದ ಲೆಕ್ಕ ಹಾಕುತ್ತಿದ್ದಾರೆ. ಕರುವೂ ಚೆನ್ನಾಗಿದೆ. ಕನ್ಯಾಮಾತೆ ಆ ಒಂಬತ್ತನೆಯ ಮಹಡಿಯಲ್ಲಿ ನಿನ್ನ ಬೆನ್ನ ಹಿಂದೆಯೇ ನಿಂತಿರಲಿ.

ಸಿಟ್ಟು ಇನ್ನೂ ಪೂರ್ತಿ ಇಳಿಯದ ನಿನ್ನ ಹೆಂಡತಿ,
ಒಬ್ದುಲಿಯಾ

ಮರೆತೆ. ಕ್ರೆಸೆನ್ಸಿಯೊ ಗಂಟು ಒಯ್ಯಲು ಬಂದು ಬಾಗಿಲಲ್ಲೇ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಸಾನ್ ಹ್ವಾನ್ ಹಬ್ಬಕ್ಕೆ ಬಂದುಬಿಡು, ವೆನ್ಸೆ. ಡಿಸೆಂಬರ್ ಎನ್ನಬೇಡ. ಕೋಟಿನ ಗುಂಡಿಯನ್ನು ನಾನು ಹೊಲಿದಿಲ್ಲ, ನೀನು ಬರುವ ತನಕ ನನ್ನ ಹತ್ತಿರವೇ ಇರುತ್ತದೆ. ಸುನಿಲ್ದಾಳ ಒಲೆ ಕಟ್ಟಬೇಕು, ನಾನೇ ಕೇಳುತ್ತಿದ್ದೇನೆ, ಅವಳಲ್ಲ. ಹಳೆಯ ಜಾಗ ಬೇಡ. ಬೇಲಿ ಕಿತ್ತು ಎರಡು ಮನೆಗೂ ನಡುವೆ ಕಟ್ಟು, ಇಬ್ಬರೂ ಒಪ್ಪಿದ್ದೇವೆ. ದೊಡ್ಡದಾಗಿ ಕಟ್ಟು. ಬಾಯಿ ಯಾವ ಕಡೆ ಎಂದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ನಮ್ಮ ಕಡೆಗಿರಲಿ.